ಸಟಿಪ್ಪಣ ಗ್ರಂಥಸೂಚಿಯೂ ಸಹಾಧ್ಯಾಯಿಗಳ ಪರೀಕ್ಷೆಯೂ

ಗ್ರಂಥಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಮಾತ್ರಕ್ಕೆ ಗ್ರಂಥಸೂಚಿ ಸಿದ್ಧವಾಯಿತೆಂಬ ಭಾವನೆ ಕಾಲೇಜು ತರಗತಿಗಳಲ್ಲಿ ಬೇರೂರಿಬಿಟ್ಟಿದೆ. ಕರ್ತೃ, ಕೃತಿ, ಪ್ರಕಾಶಕರು, ವರ್ಷ ಎಂಬ ನಾಲ್ಕು ಸಂಗತಿಗಳಿಂದ ವಿದ್ಯಾರ್ಥಿ ತನ್ನ ಪ್ರಬಂಧದ ಕಡೆಯ ಪುಟವನ್ನು ತುಂಬಿಸುತ್ತಾನೆ. ಅಧ್ಯಾಪಕರು ಹೆಸರುಗಳನ್ನು ಎಣಿಸಿ ಅಂಕ ಕೊಡುತ್ತಾರೆ. ಆ ಗ್ರಂಥ ಏನನ್ನು ಹೇಳುತ್ತದೆ, ಯಾವ ಆಧಾರದಿಂದ ಹೇಳುತ್ತದೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ತಿಳಿಸುವ ನಾಲ್ಕು ವಾಕ್ಯಗಳ ಟಿಪ್ಪಣಿ ಕೆಳಗೆ ಬಂದಾಗ ಮಾತ್ರ ಸೂಚಿಗೆ ಜೀವ ಬರುತ್ತದೆ. ಅದೇ ವಿಷಯವನ್ನು ಓದಿದ ಇನ್ನೊಬ್ಬನು ಆ ಟಿಪ್ಪಣಿಯನ್ನು ಮೂಲದೊಡನೆ ಹೋಲಿಸಿ ನೋಡಿದಾಗ ಅದಕ್ಕೆ ಪ್ರಾಮಾಣ್ಯ ಒದಗುತ್ತದೆ. ಈ ಎರಡೂ ಅಭ್ಯಾಸಗಳು ಪರದೇಶದ ವಿಶ್ವವಿದ್ಯಾಲಯಗಳಿಂದ ಇತ್ತೀಚೆಗೆ ಬಂದವೆಂದು ತಿಳಿಯುವವರುಂಟು. ಕೃಷ್ಣಾ-ಘಟಪ್ರಭೆಗಳ ಆಸುಪಾಸಿನ ಜಮಖಂಡಿ, ಮುಧೋಳ, ಬಿಳಗಿ, ರಬಕವಿ-ಬನಹಟ್ಟಿಗಳ ಸಾಹಿತ್ಯಚರಿತ್ರೆಯನ್ನು ಅವಲೋಕಿಸಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ.

ಮುಧೋಳದ ರನ್ನನಿಂದಲೇ ಆರಂಭಿಸಬಹುದು. ಕ್ರಿ.ಶ. ೯೪೯ರಲ್ಲಿ ಹುಟ್ಟಿದ ಈ ಕವಿ ತನ್ನ ವಿಷಯವಾಗಿ ಹೇಳಿಕೊಂಡಷ್ಟು ವಿವರಗಳನ್ನು ಹಳಗನ್ನಡ ಕವಿಗಳಲ್ಲಿ ಕೆಲವರು ಮಾತ್ರ ಹೇಳಿಕೊಂಡಿದ್ದಾರೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಕುಲ ಬಳೆಗಾರರದು, ಗುರು ಅಜಿತಸೇನಾಚಾರ್ಯರು, ಊರು ಬೆಳುಗಲಿ ಐನೂರಕ್ಕೆ ಸೇರಿದ ಜಂಬುಖಂಡಿ ಎಪ್ಪತ್ತರ ಮುದುವೊಳಲು. ಇಂದಿನ ಜಮಖಂಡಿ ಮತ್ತು ಮುಧೋಳಗಳೆರಡೂ ಒಬ್ಬ ಕವಿಯ ಆತ್ಮಪರಿಚಯದಲ್ಲಿ ಹೀಗೆ ಒಟ್ಟಿಗೆ ಬಂದಿವೆ. ೯೯೩ರ ಅಜಿತಪುರಾಣಕ್ಕೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಪ್ರತಿಗಳು ಹೆಚ್ಚಿದಷ್ಟೂ ಓದುಗರು ಹೆಚ್ಚುತ್ತಾರೆ, ಓದುಗರು ಹೆಚ್ಚಿದಷ್ಟೂ ಪರೀಕ್ಷಕರು ಹೆಚ್ಚುತ್ತಾರೆ. ರನ್ನನಿಗೆ ಇದರ ಅರಿವಿತ್ತು. ಆದಿಶೇಷನ ಹೆಡೆಯ ಮೇಲಿನ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸಹೊರಡುವವನಿಗೆ ಎಂಟು ಎದೆಗಳಿವೆಯೇ ಎಂದು ಅವನು ಸವಾಲು ಹಾಕಿದ್ದು ಸಾಹಿತ್ಯಾಭ್ಯಾಸಿಗಳಿಗೆಲ್ಲ ಪರಿಚಿತ. ಇದನ್ನು ಕೇವಲ ಗರ್ವೋಕ್ತಿಯೆಂದು ಬದಿಗಿಡುವುದು ವಾಡಿಕೆ. ಕೃತಿಯೊಂದು ಪರೀಕ್ಷೆಗೆ ಒಳಗಾಗತಕ್ಕದ್ದು, ಆ ಪರೀಕ್ಷೆ ಎದೆಗಾರಿಕೆಯ ಕೆಲಸ ಎಂಬ ಒಪ್ಪಿಗೆಯೂ ಆ ಸವಾಲಿನಲ್ಲಿ ಅಡಗಿದೆಯೆಂಬುದನ್ನು ಗಮನಿಸಿದವರು ವಿರಳ.

ರನ್ನನ ಈ ವಿವರಗಳು ಸಾಮಾನ್ಯ ಓದುಗನ ಕೈಗೆ ಸುಲಭವಾಗಿ ಸಿಗುವಂತಾದದ್ದು ಕರ್ಣಾಟಕ ಕವಿಚರಿತೆಯಿಂದ. ೧೮೭೫ರಲ್ಲಿ ಕಿಟ್ಟೆಲ್ಲರು ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸುವಾಗ ಕನ್ನಡ ಸಾಹಿತ್ಯದ ಸ್ಥೂಲ ಪರಿಚಯವನ್ನು ಅದಕ್ಕೆ ಸೇರಿಸಿದ್ದರು. ಆದರೆ ಒಬ್ಬೊಬ್ಬ ಕವಿಗೂ ಪ್ರತ್ಯೇಕ ಟಿಪ್ಪಣಿ ಬರೆದು ಕಾಲ, ಮತ, ಆಶ್ರಯದಾತ, ಕೃತಿಗಳು, ಪೂರ್ವಕವಿಸ್ಮರಣೆ, ಉದಾಹರಣೆಗಳು ಎಂಬ ಕ್ರಮವನ್ನು ನೆಲೆಗೊಳಿಸಿದವರು ಆರ್. ನರಸಿಂಹಾಚಾರ್ಯರು. ಎಸ್.ಜಿ. ನರಸಿಂಹಾಚಾರ್ಯರೊಡನೆ ಸಿದ್ಧಪಡಿಸಿದ ಮೊದಲ ಸಂಪುಟ ೧೯೦೭ರಲ್ಲಿಯೂ, ಎರಡನೆಯದು ೧೯೧೯ರಲ್ಲಿಯೂ, ಮೂರನೆಯದು ೧೯೨೯ರಲ್ಲಿಯೂ ಹೊರಬಂದವು. ಇವುಗಳ ನಡುವೆ, ೧೯೨೪ರಲ್ಲಿ, ಮೊದಲ ಸಂಪುಟ ಪರಿಶೋಧಿತವಾಗಿ ಮತ್ತೆ ಅಚ್ಚಾಯಿತು. ತಾವು ಬರೆದ ಟಿಪ್ಪಣಿಗಳನ್ನು ಹದಿನೇಳು ವರ್ಷಗಳ ಮೇಲೆ ತಾವೇ ತಿದ್ದಲು ಕುಳಿತ ವಿದ್ವಾಂಸರ ಈ ನಡೆ ಟಿಪ್ಪಣಿಯೆಂಬುದರ ಸ್ವರೂಪವನ್ನೇ ತಿಳಿಸುತ್ತದೆ. ಹೊಸ ಓಲೆಗರಿ ದೊರೆತಾಗ ಹಳೆಯ ತೀರ್ಮಾನ ಜಾಗ ಬಿಡಬೇಕು.

ವೀರಶೈವ ಪರಂಪರೆಯಲ್ಲಿ ಇದೇ ಕೆಲಸ ಬೇರೊಂದು ರೀತಿಯಲ್ಲಿ ನಡೆದಿತ್ತು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ನೂರೊಂದು ವಿರಕ್ತರು ವಚನಗಳ ಸಂಗ್ರಹ ಮತ್ತು ವ್ಯಾಖ್ಯಾನಗಳಲ್ಲಿ ತೊಡಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಚದುರಿದ ವಚನಗಳನ್ನು ಸ್ಥಲಕಟ್ಟಿನಲ್ಲಿ ಅಳವಡಿಸುವುದೆಂದರೆ ಒಂದೊಂದು ವಚನದ ತಾತ್ಪರ್ಯವನ್ನು ಗೊತ್ತುಮಾಡಿ, ಅದು ಭಕ್ತಸ್ಥಲಕ್ಕೆ ಸಲ್ಲುವುದೋ ಮಹೇಶಸ್ಥಲಕ್ಕೆ ಸಲ್ಲುವುದೋ ಎಂದು ನಿರ್ಣಯಿಸಿದ ಹಾಗೆಯೇ. ಅದೂ ಒಂದು ಬಗೆಯ ಟಿಪ್ಪಣಿ. ಕಲ್ಲುಮಠದ ಪ್ರಭುದೇವನಂಥವರು ಬರೆದ ಟೀಕೆಗಳು ಈ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದವು. ‘ಟೀಕೆ’ ಎಂದರೆ ಅರ್ಥವಿವರಣೆ ಎಂದು ಅಂದಿನವರು ತಿಳಿದಿದ್ದರು. ಇಂದು ಅದೇ ಶಬ್ದ ದೋಷಾರೋಪಣೆಗೆ ಪರ್ಯಾಯವಾಗಿಬಿಟ್ಟಿದೆ. ತರಗತಿಯಲ್ಲಿ ಒಬ್ಬರ ಬರಹವನ್ನು ಇನ್ನೊಬ್ಬರು ಪರಿಶೀಲಿಸಿರೆಂದಾಗ ವಿದ್ಯಾರ್ಥಿಗಳು ಅಳುಕುವುದಕ್ಕೆ ಈ ಅರ್ಥಾಂತರವೂ ಒಂದು ಕಾರಣವಿರಬಹುದು. ಓಲೆಯ ಪ್ರತಿ ಮಾಡಿದ ಲಿಪಿಕಾರರಿಗೆ ಈ ಅಳುಕು ಇರಲಿಲ್ಲ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕೆಂಬ ವಿನಂತಿ ಹಸ್ತಪ್ರತಿಗಳ ಸಮಾಪ್ತಿಯಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ.

ಸಮಾನರ ಪರೀಕ್ಷೆಗೆ ಶೂನ್ಯಸಂಪಾದನೆಯಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಂದೇ ವಸ್ತುವನ್ನು ಒಬ್ಬರಾದ ಮೇಲೊಬ್ಬರು ಕೈಗೆತ್ತಿಕೊಂಡರು. ಹಿಂದಿನವರ ಕೃತಿಯನ್ನು ಹಾಗೆಯೇ ನಕಲು ಮಾಡಿದ್ದರೆ ನಾಲ್ಕು ಸಂಪಾದನೆಗಳ ಅಗತ್ಯವಿರಲಿಲ್ಲ. ಮುಂದಿನವರು ವಚನಗಳ ಜೋಡಣೆಯನ್ನು ಬದಲಿಸಿದರು, ಕೊರತೆಯೆನಿಸಿದೆಡೆ ಸಿದ್ಧರಾಮನ ದೀಕ್ಷೆ, ಗೋರಕ್ಷನ ಸಂವಾದಗಳಂತಹ ಪ್ರಸಂಗಗಳನ್ನು ಸೇರಿಸಿದರು. ಈ ಸೇರ್ಪಡೆಗಳು ಎಷ್ಟರ ಮಟ್ಟಿಗೆ ಚಾರಿತ್ರಿಕ ಎಂಬುದು ಪ್ರತ್ಯೇಕ ಪ್ರಶ್ನೆ. ಪೂರ್ವಿಕರ ಮೇಲಿನ ಗೌರವ ಪೂರ್ವಿಕರನ್ನು ತಿದ್ದುವುದಕ್ಕೆ ಅಡ್ಡಿಯಾಗಲಿಲ್ಲವೆಂಬುದು ಇಲ್ಲಿ ಮುಖ್ಯ. ಕೃತಿಯ ಒಳಗಿನ ವಸ್ತುವಾದರೂ ಏನು? ಅಲ್ಲಮಪ್ರಭು ಮುಕ್ತಾಯಕ್ಕನನ್ನು, ಸಿದ್ಧರಾಮನನ್ನು, ಮಹಾದೇವಿಯಕ್ಕನನ್ನು, ಕಡೆಗೆ ಬಸವಣ್ಣನವರನ್ನೇ ಪ್ರಶ್ನಿಸುತ್ತಾನೆ. ಪ್ರಶ್ನೆಗೊಳಗಾದವರಾರೂ ಕಡೆಯವರೆಗೆ ಅದನ್ನು ಅವಮಾನವೆಂದು ಬಗೆದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಂದರೆ ಈ ನಾಲ್ಕು ಊರುಗಳ ರಾಜಕೀಯ ಚಿತ್ರ ವಿಚಿತ್ರವಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರದು, ರಬಕವಿ ಸಾಂಗಲಿಗೆ ಸೇರಿದ್ದು, ಬಿಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಒಂದು ದಿನದ ಪಯಣದಲ್ಲಿ ನಾಲ್ಕು ಆಡಳಿತಗಳನ್ನು ದಾಟಬೇಕಿತ್ತು. ಸಂಸ್ಥಾನಗಳ ದರಬಾರಿನಲ್ಲಿ ಮರಾಠಿಯದೇ ಪ್ರಾಬಲ್ಯ. ಕನ್ನಡದ ಓಲೆಗರಿಗಳು ಮಠಗಳಲ್ಲಿ, ನೇಕಾರರ ಮತ್ತು ವ್ಯಾಪಾರಿಗಳ ಮನೆಗಳ ದೇವರ ಕೋಣೆಗಳಲ್ಲಿ ಪೂಜೆಗೊಳ್ಳುತ್ತ ಉಳಿದಿದ್ದವು. ಪೂಜೆಯ ದೆಸೆಯಿಂದ ಅವು ಉಳಿದವು. ಪೂಜೆಯ ದೆಸೆಯಿಂದಲೇ ಯಾರೂ ಅವುಗಳನ್ನು ಬಿಚ್ಚಿ ನೋಡಲಿಲ್ಲ. ಈ ಸೀಮೆಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಒಂದುಗೂಡಿ, ೧೯೫೬ರಲ್ಲಿ ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿ, ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯ ಭಾಗವಾದವು.

ಇಂತಹ ಸಂದರ್ಭದಲ್ಲಿ, ೧೯೦೩ರ ಸುಮಾರಿಗೆ, ಧಾರವಾಡದಲ್ಲಿ ಹುಟ್ಟಿ ಕಾನೂನು ವ್ಯಾಸಂಗ ಮಾಡುತ್ತಿದ್ದ ತರುಣ ಫ.ಗು. ಹಳಕಟ್ಟಿಯವರು ಬನಹಟ್ಟಿಯ ಮಿತ್ರರೊಬ್ಬರ ಮನೆಯಲ್ಲಿ ತಾಡೋಲೆಯ ಕಟ್ಟುಗಳನ್ನು ಕಂಡರು. ಪ್ರಭುದೇವರ ವಚನ, ಷಟ್‌ಸ್ಥಲತಿಲಕ ಮೊದಲಾದವು ಅಲ್ಲಿದ್ದವೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಮುಂದೆ ವಿಜಾಪುರದಲ್ಲಿ ವಕೀಲಿಯಲ್ಲಿದ್ದಾಗಲೂ ಹಳ್ಳಿಹಳ್ಳಿಗಳನ್ನು ಸುತ್ತಿ ಓಲೆಗಳನ್ನು ಕೂಡಿಹಾಕುವ ಕೆಲಸವನ್ನು ಅವರು ಬಿಡಲಿಲ್ಲ. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾದವು. ಕವಿಚರಿತೆಯ ಮೂಲಕ ತಿಳಿದಿದ್ದ ವಚನಕಾರರು ಐವತ್ತರ ಆಸುಪಾಸು. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮೀರಿತು ಎಂಬ ಲೆಕ್ಕ ವಿದ್ವದ್ವಲಯದಲ್ಲಿ ರೂಢಿಯಲ್ಲಿದೆ. ನರಸಿಂಹಾಚಾರ್ಯರ ಸೂಚಿಯನ್ನು ಯಾರೂ ಖಂಡಿಸಿ ಗ್ರಂಥ ಬರೆಯಲಿಲ್ಲ. ವಿಜಾಪುರದ ವಕೀಲರೊಬ್ಬರು ಸುಮ್ಮನೆ ಓಲೆಗಳನ್ನು ಮುಂದಿಟ್ಟರು, ಸೂಚಿ ತಾನಾಗಿ ಚಿಕ್ಕದಾಯಿತು. ಸಮಾನರ ಪರೀಕ್ಷೆಯ ಅತ್ಯಂತ ಸಭ್ಯವಾದ ರೂಪವಿದು.

ಹಳಕಟ್ಟಿಯವರ ಕಾರ್ಯವೂ ಪರೀಕ್ಷೆಗೆ ಹೊರತಾಗಿ ಉಳಿಯಲಿಲ್ಲ. ವಚನಶಾಸ್ತ್ರಸಾರವು ವಿಷಯಾನುಸಾರವಾಗಿ ವಿಂಗಡಿಸಿದ ಸಂಕಲನ. ಒಂದೊಂದು ವಚನಕ್ಕೂ ಪಾಠಾಂತರ ತೋರಿಸುವ ವ್ಯವಸ್ಥೆ ಅದರಲ್ಲಿಲ್ಲ. ಅಂದಿನ ತುರ್ತು ಓಲೆಗಳನ್ನು ಉಳಿಸುವುದಾಗಿತ್ತೆಂಬುದನ್ನು ನೆನೆದರೆ ಇದನ್ನು ಲೋಪವೆನ್ನುವುದಕ್ಕಿಂತ ಕಾಲದ ಮಿತಿಯೆನ್ನುವುದು ಉಚಿತ. ಆದರೆ ಮಿತಿಯನ್ನು ಮಿತಿಯೆಂದು ಬರೆದಿಡಲೇಬೇಕು. ಅವರು ೧೯೩೦ರಲ್ಲಿ ಅಚ್ಚು ಹಾಕಿಸಿದ ಶೂನ್ಯಸಂಪಾದನೆಯನ್ನು ೧೯೫೮ರಲ್ಲಿ ಸಂ.ಶಿ. ಭೂಸನೂರಮಠರು ಮತ್ತೆ ಸಂಪಾದಿಸಿದರು. ಶಿ.ಶಿ. ಬಸವನಾಳರು ಬಸವಣ್ಣನವರ ವಚನಗಳನ್ನೂ, ಎಲ್. ಬಸವರಾಜು ಅವರು ಅಲ್ಲಮನ ವಚನಗಳನ್ನೂ ಪ್ರತ್ಯಂತರಗಳ ನೆರವಿನಿಂದ ಶೋಧಿಸಿದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ (೧೯೬೪), ಎಂ.ಎಂ. ಕಲಬುರ್ಗಿಯವರ ‘ಕನ್ನಡ ಗ್ರಂಥಸಂಪಾದನಶಾಸ್ತ್ರ’ (೧೯೭೨) ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವು. ಅನೇಕ ವಿದ್ವಾಂಸರ ಸಹಕಾರದಿಂದ ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಭಾಗಗಳಲ್ಲಿ ಸರ್ಕಾರದ ವತಿಯಿಂದ ಪ್ರಕಟವಾದವು.

ಈ ಪರಂಪರೆ ಕಾಲೇಜಿನ ತರಗತಿಗೆ ಹೇಗೆ ಇಳಿಯಬೇಕು? ಸ್ನಾತಕೋತ್ತರ ಕನ್ನಡ ಪಠ್ಯಕ್ರಮಗಳಲ್ಲಿ ಗ್ರಂಥಸಂಪಾದನೆಗೆ ಬಹುಕಾಲದಿಂದ ಸ್ಥಾನವುಂಟು. ಹಳಕಟ್ಟಿಯವರೇ ೧೯೧೦ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ಜಮಖಂಡಿಯಲ್ಲಿದೆ, ಮುಧೋಳದಲ್ಲಿ ಎಸ್.ಆರ್. ಕಂಠಿಯವರ ಹೆಸರಿನ ಕಾಲೇಜಿದೆ. ಆದರೆ ಸಂಪಾದನೆಯ ಸೂತ್ರಗಳನ್ನು ಉರುಹೊಡೆದು ಪರೀಕ್ಷೆ ಬರೆಯುವುದಕ್ಕೂ ಒಂದು ಗ್ರಂಥವನ್ನು ಕೈಯಲ್ಲಿ ಹಿಡಿದು ಟಿಪ್ಪಣಿ ಬರೆಯುವುದಕ್ಕೂ ಅಂತರ ಬಹಳ.

ಶೂನ್ಯಸಂಪಾದನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿದ್ಯಾರ್ಥಿಯೊಬ್ಬನು ‘ಹಳಕಟ್ಟಿ, ಫ.ಗು., ಶೂನ್ಯಸಂಪಾದನೆ, ೧೯೩೦’ ಎಂದಷ್ಟೇ ಬರೆದಾನು. ಸಹಾಧ್ಯಾಯಿ ಅದನ್ನು ಪರಿಶೀಲಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಹಳಕಟ್ಟಿಯವರು ಇಲ್ಲಿ ಕರ್ತೃವೋ ಸಂಪಾದಕರೋ ಎಂಬುದು. ಎರಡನೆಯದು, ನಾಲ್ಕು ಸಂಪಾದನೆಗಳಲ್ಲಿ ಇದು ಯಾವುದು ಎಂಬುದು. ಗೂಳೂರ ಸಿದ್ಧವೀರಣ್ಣೊಡೆಯನದು ಎಂಬ ಉತ್ತರ ಟಿಪ್ಪಣಿಯಲ್ಲಿ ಇಲ್ಲದಿದ್ದರೆ, ಗೋರಕ್ಷನ ಪ್ರಸಂಗವನ್ನು ಆಧರಿಸಿ ಹದಿನೈದನೆಯ ಶತಮಾನದ ಬಗೆಗೆ ತೀರ್ಮಾನ ಮಾಡುವ ಅಪಾಯ ಎದುರಾಗುತ್ತದೆ. ‘ಸಂಪಾದನೆ’ ಎಂಬ ಶಬ್ದವೇ ಇಲ್ಲಿ ಎರಡು ಅರ್ಥಗಳಲ್ಲಿ ನಿಂತಿದೆ. ಶೂನ್ಯದ ಸಂಪಾದನೆ ಶರಣರದು, ಗ್ರಂಥದ ಸಂಪಾದನೆ ವಿದ್ವಾಂಸರದು. ಮೂರನೆಯ ಪ್ರಶ್ನೆ ಪುಟಸಂಖ್ಯೆಗೆ ಸಂಬಂಧಿಸಿದ್ದು. ೧೯೩೦ರ ಪುಟವನ್ನು ೧೯೫೮ರ ಪುಸ್ತಕದಲ್ಲಿ ಹುಡುಕಿದರೆ ಸಿಗದು. ಬಸವಣ್ಣನವರ ವಚನಗಳ ಕ್ರಮಸಂಖ್ಯೆಯೂ ಆವೃತ್ತಿಯಿಂದ ಆವೃತ್ತಿಗೆ ಬೇರೆಯಾಗುತ್ತದೆ. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಡುವುದು ಓಣಿಯ ಹೆಸರಿಲ್ಲದೆ ಮನೆಯ ನಂಬರು ಕೊಟ್ಟಂತೆ.

ಸ್ಥಳನಾಮಗಳ ವಿಷಯದಲ್ಲಿ ಇನ್ನೊಂದು ತೊಡಕು ಈ ಸೀಮೆಗೇ ಸಂಬಂಧಿಸಿದ್ದು. ‘ಬಿಳಗಿ’ ಎಂದರೆ ಬಾಗಲಕೋಟೆ ಜಿಲ್ಲೆಯವರಿಗೆ ತಮ್ಮ ತಾಲ್ಲೂಕು ಕೇಂದ್ರ ನೆನಪಾಗುತ್ತದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಇನ್ನೊಂದು ಬಿಳಗಿಯಿದೆ. ರತ್ನತ್ರಯ ಬಸದಿಯ ಆ ಬಿಳಗಿ ತನ್ನದೇ ಅರಸುಮನೆತನವನ್ನು ಹೊಂದಿತ್ತು. ‘ಬಿಳಗಿಯ ಅರಸರು’ ಎಂಬ ಮಾತು ಗ್ರಂಥದಲ್ಲಿ ಬಂದಾಗ ಅದು ಯಾವ ಬಿಳಗಿ ಎಂದು ಟಿಪ್ಪಣಿ ಹೇಳದಿದ್ದರೆ, ಮಲೆನಾಡಿನ ಒಂದು ಚರಿತ್ರೆಯೇ ಬಯಲುಸೀಮೆಗೆ ವರ್ಗವಾಗಿಬಿಡುತ್ತದೆ. ಊರಿನ ಅಭಿಮಾನದಿಂದ ಬರೆದವನಿಗೆ ಈ ತಪ್ಪು ಕಾಣುವುದು ಕಷ್ಟ. ಪಕ್ಕದ ಊರಿನ ಸಹಪಾಠಿಗೆ ಥಟ್ಟನೆ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ದಾಸಿಮಯ್ಯನ ಪ್ರಶ್ನೆ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೂ ಒಬ್ಬನೇ, ಬೇರೆ ಬೇರೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ದೀರ್ಘಕಾಲ ನಡೆದಿದೆ. ಮಗ್ಗದ ಸದ್ದಿನ ನಡುವೆ ಬೆಳೆದ ರಬಕವಿ-ಬನಹಟ್ಟಿಯ ವಿದ್ಯಾರ್ಥಿಗೆ ಇದು ಬರಿಯ ಪುಸ್ತಕದ ಚರ್ಚೆಯಲ್ಲ. ಅವನ ಮನೆಯಲ್ಲಿ ನಡೆಯುವ ಜಯಂತಿಯ ವಿಷಯ, ಹಿರಿಯರ ನಂಬಿಕೆಯ ವಿಷಯ. ಇಬ್ಬರೆಂದು ವಾದಿಸುವ ಗ್ರಂಥಕ್ಕೆ ಅವನು ಟಿಪ್ಪಣಿ ಬರೆಯಬೇಕಾಗಿ ಬಂದಾಗ ಎರಡು ಸುಲಭ ಮಾರ್ಗಗಳಿವೆ. ಗ್ರಂಥವನ್ನು ಸೂಚಿಯಿಂದಲೇ ಕೈಬಿಡುವುದು ಒಂದು, ‘ಸಮಂಜಸವಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಇನ್ನೊಂದು. ಎರಡೂ ಅಪಚಾರವೇ. ಗ್ರಂಥಕರ್ತನ ವಾದವನ್ನು ಅವನೇ ಓದಿದರೂ ಒಪ್ಪುವಂತೆ ಸಂಗ್ರಹಿಸಿ, ಆಧಾರ ಶಾಸನವೋ ಕಾವ್ಯವೋ ಅಂಕಿತವೋ ಎಂಬುದನ್ನು ಹೇಳಿ, ಆಮೇಲೆ ತನ್ನ ಭಿನ್ನಾಭಿಪ್ರಾಯವನ್ನು ಒಂದು ವಾಕ್ಯದಲ್ಲಿ ಸೇರಿಸಬಹುದು. ಪರಿಶೀಲಿಸುವವನು ಬೇರೆ ಮನೆತನದವನಾಗಿದ್ದರೆ, ಬೇರೆ ಮಠದ ಭಕ್ತನಾಗಿದ್ದರೆ ಒಳ್ಳೆಯದೇ. ತನ್ನವರ ಕಣ್ಣಿಗೆ ಬೀಳದ ಪಕ್ಷಪಾತ ಹೊರಗಿನವರ ಕಣ್ಣಿಗೆ ಬೀಳುತ್ತದೆ.

ಸಹಾಧ್ಯಾಯಿಗಳ ಪರೀಕ್ಷೆಯಲ್ಲಿ ಎದುರಾಗುವ ದೊಡ್ಡ ತೊಂದರೆ ದ್ವೇಷದ್ದಲ್ಲ, ದಾಕ್ಷಿಣ್ಯದ್ದು. ಒಂದೇ ಬಸ್ಸಿನಲ್ಲಿ ಬಂದು ಒಂದೇ ಬುತ್ತಿಯನ್ನು ಹಂಚಿಕೊಳ್ಳುವ ಗೆಳೆಯರು ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿ ಹಿಂದಿರುಗಿಸುತ್ತಾರೆ. ಇದಕ್ಕೆ ಉಪಾಯ ಕಠಿಣವಾದ ನಿಯಮಗಳಲ್ಲಿಲ್ಲ. ಪರೀಕ್ಷಕನೂ ಅದೇ ಗ್ರಂಥವನ್ನು ಗ್ರಂಥಾಲಯದಿಂದ ತೆಗೆಸಿ ಓದಿರಬೇಕು ಎಂಬ ಒಂದೇ ಕಟ್ಟಳೆ ಸಾಕು. ಮೂಲವನ್ನು ನೋಡಿದವನು ಸುಮ್ಮನೆ ಹೊಗಳಲಾರ. ಟಿಪ್ಪಣಿ ಬರೆದವನು ಮುನ್ನುಡಿಯನ್ನು ಮಾತ್ರ ಓದಿದ್ದನೋ, ಮಾರ್ಗದರ್ಶಿ ಪುಸ್ತಕದಿಂದ ಎತ್ತಿಕೊಂಡನೋ ಎಂಬುದು ಅವನಿಗೆ ತಿಳಿದೇಹೋಗುತ್ತದೆ. ಅಭಿಪ್ರಾಯವನ್ನು ಮೂಲದ ಪುಟಸಂಖ್ಯೆಯೊಡನೆ ಕೊಡಬೇಕೆಂದರೆ ದಾಕ್ಷಿಣ್ಯ ಇನ್ನಷ್ಟು ಸಡಿಲುತ್ತದೆ. ಟಿಪ್ಪಣಿಕಾರನಿಗೂ ಉತ್ತರಿಸುವ ಹಕ್ಕಿರಬೇಕು. ಆಕ್ಷೇಪ ಸರಿಯಾದರೆ ತಿದ್ದಬೇಕು, ಸರಿಯಲ್ಲದಿದ್ದರೆ ಕಾರಣ ಬರೆದು ಹಾಗೆಯೇ ಉಳಿಸಬೇಕು. ಅಧ್ಯಾಪಕರು ಈ ಮೂರನ್ನೂ, ಎಂದರೆ ಮೊದಲ ಟಿಪ್ಪಣಿ, ಆಕ್ಷೇಪ, ತಿದ್ದಿದ ಟಿಪ್ಪಣಿಗಳನ್ನು, ಒಟ್ಟಿಗೆ ಓದಿ ಅಂಕ ಕೊಟ್ಟರೆ ಇಬ್ಬರ ಶ್ರಮಕ್ಕೂ ಬೆಲೆ ಬರುತ್ತದೆ.

ಅಚ್ಚಾದ ಗ್ರಂಥಗಳಲ್ಲಿ ಪಳಗಿದ ಕೈ ಓಲೆಗರಿಯ ಕಡೆಗೂ ಹೊರಳುವುದು ಅವಶ್ಯ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬಿಳಗಿ, ಜಮಖಂಡಿ ಸೀಮೆಗಳ ಅನೇಕ ಹಳ್ಳಿಗಳು ನೆಲೆ ಬದಲಿಸಿದವು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತು. ಮನೆ ಕಿತ್ತು ಸಾಗುವಾಗ ಕಾಳು, ದನ, ಪಾತ್ರೆಗಳು ಮೊದಲು ಗಾಡಿ ಹತ್ತುತ್ತವೆ. ಯಾರೂ ಓದಲಾರದ ಕಟ್ಟು ಹಿಂದುಳಿಯುತ್ತದೆ. ಅದರಲ್ಲಿ ಏನಿತ್ತೆಂಬ ಟಿಪ್ಪಣಿ ಎಲ್ಲಿಯೂ ಇಲ್ಲವಾದರೆ, ಏನು ಹೋಯಿತೆಂಬುದೂ ತಿಳಿಯದು. ಒಂದು ಕಟ್ಟಿಗೆ ಬೇಕಾದ ಟಿಪ್ಪಣಿ ದೊಡ್ಡದೇನಲ್ಲ. ಮನೆಯವರ ಒಪ್ಪಿಗೆ, ಗರಿಗಳ ಸಂಖ್ಯೆ, ಉದ್ದ ಅಗಲ, ಆರಂಭದ ಮತ್ತು ಅಂತ್ಯದ ಸಾಲುಗಳು, ಕಾಣುವ ಅಂಕಿತಗಳು, ಲಿಪಿಕಾರನ ಹೆಸರು, ಪ್ರತಿ ಮಾಡಿದ ಸಂವತ್ಸರ, ಹುಳು ತಿಂದ ಗರಿಗಳ ವಿವರ ಇಷ್ಟು ಸಾಕು. ಒಬ್ಬರು ಓದಿ ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡು, ಮರುದಿ ಕೆಲಸವನ್ನು ಅದಲುಬದಲು ಮಾಡಿ ಅದೇ ಗರಿಗಳನ್ನು ಮತ್ತೆ ಓದಬೇಕು. ಳಕಾರ-ಱಕಾರಗಳ, ದೀರ್ಘ-ಹ್ರಸ್ವಗಳ ತಪ್ಪುಗಳು ಬಹುಮಟ್ಟಿಗೆ ಈ ಎರಡನೆಯ ಓದಿನಲ್ಲಿ ಹೊರಬೀಳುತ್ತವೆ. ಸಂವತ್ಸರದ ಹೆಸರು ಮಾತ್ರ ಇದ್ದು ಶಕವರ್ಷವಿಲ್ಲದಿದ್ದರೆ ಊಹಿಸಿ ತುಂಬಬಾರದು. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಲಿಪಿಯ ತಿರುವು ಮತ್ತು ಲಿಪಿಕಾರನ ಗುರುಪರಂಪರೆಗಳನ್ನು ಗುರುತಿಸಿ ಆ ಜಾಗವನ್ನು ಖಾಲಿ ಬಿಟ್ಟು, ಮುಂದಿನ ಓದುಗನಿಗಾಗಿ ತಾರೀಖಿನೊಡನೆ ಸಹಿ ಮಾಡಿಡುವುದು ಕ್ರಮ.